ಕಹಿ ಬಿಯರ್: ನಾಲಿಗೆಯ ಲೆಕ್ಕ, ಲಿವರಿನ ಲೆಕ್ಕ

ಬಿಣಗಾದ ಗೃಹಿಣಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಬಂದವನು ತಂದೆಯನ್ನು ಗೋವಾಕ್ಕೆ ಕರೆದುಕೊಂಡು ಹೋಗಿ, ತಾವೇ ಬಿಯರ್ ತಯಾರಿಸಿ ಮಾರುವ ಒಂದು ಚಿಕ್ಕ ಅಂಗಡಿಯಲ್ಲಿ ಕಹಿ ಬಿಯರಿನ ರುಚಿ ತೋರಿಸಿದನಂತೆ. ‘ಇದು ಕಾರ್ಖಾನೆಯ ಬಿಯರ್ ಅಲ್ಲ, ಕೆಮಿಕಲ್ ಇಲ್ಲ, ಗಿಡದ ಹೂವು ಹಾಕಿ ಕುದಿಸಿದ್ದು, ನಮ್ಮ ಕಷಾಯದ ಹಾಗೆ’ ಎಂದು ಮಗನ ವಾದ. ‘ಕಿಡ್ನಿಯ ಹರಳಿಗೂ ಒಳ್ಳೆಯದು’ ಎಂದು ತಂದೆಯ ಸಮಾಧಾನ. ತಂದೆಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ, ದಿನವೂ ಮಾತ್ರೆ ನುಂಗುತ್ತಾರೆ. ‘ಡಾಕ್ಟರೇ, ಇದು ನಿಜಕ್ಕೂ ಬೇರೆ ಬಿಯರೇ? ಹರಳಿಗೆ ಔಷಧವೇ? ಮಾತ್ರೆ ನುಂಗುವವರು ಕುಡಿಯಬಹುದೇ?’ ಎಂದು ಆ ತಾಯಿ ಕೇಳಿದ್ದಾರೆ.

ಈ ಮೂರೂ ಪ್ರಶ್ನೆಗಳು ಇಂದು ಅನೇಕ ಮನೆಗಳ ಪ್ರಶ್ನೆಗಳೇ. ಬೆಂಗಳೂರಿನಲ್ಲಿ 2010ರ ಸುಮಾರಿಗೆ ಆರಂಭವಾದ ಈ ಚಿಕ್ಕ ಬ್ರೂವರಿಗಳು ಈಗ ಬೇರೆ ಊರುಗಳಿಗೂ ಹಬ್ಬಿವೆ. ಕಾರವಾರದವರಿಗಂತೂ ಮಾಜಾಳಿ ದಾಟಿದರೆ ಗೋವಾ. ಆದ್ದರಿಂದ ಈ ವಾರ ಈ ಕಹಿ ಬಿಯರ್ ಎಂದರೇನು, ಬಲ್ಲವರು ಅದರ ಗುಣವನ್ನು ಹೇಗೆ ಅಳೆಯುತ್ತಾರೆ, ದೇಹ ಅದನ್ನು ಹೇಗೆ ಅಳೆಯುತ್ತದೆ ಎಂಬುದನ್ನು ಕ್ರಮವಾಗಿ ನೋಡೋಣ.

ಕಹಿ ಎಲ್ಲಿಂದ ಬರುತ್ತದೆ?

ಬಿಯರಿಗೆ ಬೇಕಾದ ಮೂಲವಸ್ತುಗಳು ನಾಲ್ಕೇ: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಯೀಸ್ಟ್ ಮತ್ತು ಹಾಪ್ಸ್. ಬಾರ್ಲಿಯ ಮೊಳಕೆಯಿಂದ ಸಿಹಿ ರಸ ಬರುತ್ತದೆ. ಯೀಸ್ಟ್ ಆ ಸಿಹಿಯನ್ನು ತಿಂದು ಮದ್ಯಸಾರವನ್ನೂ ಗ್ಯಾಸನ್ನೂ ಬಿಡುತ್ತದೆ. ದೋಸೆ ಹಿಟ್ಟು ಹುದುಗಿ ಉಬ್ಬುವಾಗಲೂ ಹೀಗೆಯೇ ಸೂಕ್ಷ್ಮಜೀವಿಗಳು ಕೆಲಸ ಮಾಡಿ ಗ್ಯಾಸ್ ಬಿಡುತ್ತವೆ. ಇನ್ನು ಕಹಿ ಬರುವುದು ಹಾಪ್ಸಿನಿಂದ.

ಹಾಪ್ಸ್ ಎಂಬುದು ತಂಪು ದೇಶಗಳಲ್ಲಿ ಬೆಳೆಯುವ ಒಂದು ಬಳ್ಳಿ. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಬೆಳೆಸಿದ್ದುಂಟು. ಇದರ ಹೆಣ್ಣು ಬಳ್ಳಿಯ ಹೂಗೊಂಚಲಿನೊಳಗೆ ಹಳದಿ ಪುಡಿಯಂಥ ಅಂಟು ಇರುತ್ತದೆ. ಕಹಿಯೂ ಸುವಾಸನೆಯೂ ಇರುವುದು ಅದರಲ್ಲಿಯೇ. ಸಸ್ಯಶಾಸ್ತ್ರದ ಪ್ರಕಾರ ಹಾಪ್ಸ್ ಮತ್ತು ಗಾಂಜಾ ಒಂದೇ ಕುಟುಂಬದ ಗಿಡಗಳು. ಇದನ್ನು ಕೇಳಿ ಗಾಬರಿಯಾಗಬೇಕಾಗಿಲ್ಲ. ಗಾಂಜಾದ ಅಮಲಿನ ಅಂಶ ಹಾಪ್ಸಿನಲ್ಲಿ ಇಲ್ಲ.

ಸಿಹಿ ರಸದೊಂದಿಗೆ ಹಾಪ್ಸನ್ನು ಒಂದು ತಾಸಿನಷ್ಟು ಕುದಿಸಿದಾಗ ಅದರ ಆಮ್ಲಗಳು ರೂಪ ಬದಲಿಸಿ ನೀರಿನಲ್ಲಿ ಬೆರೆಯುವ ಕಹಿಯಾಗುತ್ತವೆ. ಆದರೆ ಅಷ್ಟು ಹೊತ್ತು ಕುದಿಸಿದರೆ ಸುವಾಸನೆ ಆವಿಯಾಗಿ ಹೋಗುತ್ತದೆ. ಒಗ್ಗರಣೆಯ ಕರಿಬೇವನ್ನು ಕೊನೆಗೆ ಹಾಕುವಂತೆ, ಸುವಾಸನೆಗೆ ಬೇಕಾದ ಹಾಪ್ಸನ್ನು ಕುದಿಯ ಕೊನೆಯಲ್ಲಿ ಅಥವಾ ಬಿಯರ್ ತಣ್ಣಗಾಗಿ ಹುಳಿಯುವ ಹೊತ್ತಿಗೆ ಹಾಕುತ್ತಾರೆ. ಹೀಗೆ ಎರಡೂ ಹಂತದಲ್ಲಿ ಧಾರಾಳವಾಗಿ ಹಾಪ್ಸ್ ಸುರಿದು ಮಾಡಿದ್ದೇ ಈಗಿನ ತರುಣರು ಮೆಚ್ಚುವ ‘ಹಾಪಿ’ ಬಿಯರ್.

ಹಾಪ್ಸ್ ಬಿಯರಿಗೆ ಬಂದದ್ದು ಕೇವಲ ರುಚಿಗಾಗಿ ಅಲ್ಲ. ಅದು ಬಿಯರನ್ನು ಕೆಡಿಸುವ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. 12ನೆಯ ಶತಮಾನದಲ್ಲಿಯೇ ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್ ಪಾನೀಯ ಕೆಡದಂತೆ ಕಾಯುವ ಹಾಪ್ಸಿನ ಗುಣವನ್ನು ಬರೆದಿದ್ದಾಳೆ. 1516ರಲ್ಲಿ ಬವೇರಿಯಾದ ದೊರೆಗಳು ನೀರು, ಬಾರ್ಲಿ, ಹಾಪ್ಸ್ ಬಿಟ್ಟು ಬಿಯರಿಗೆ ಬೇರೇನೂ ಹಾಕಕೂಡದೆಂದು ಕಾನೂನು ಮಾಡಿದರು. ಯೀಸ್ಟ್ ಎಂಬುದು ಒಂದು ಜೀವಿ ಎಂದು ಆಗ ತಿಳಿದಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಂಗ್ಲೆಂಡಿನಿಂದ ಆಫ್ರಿಕವನ್ನು ಸುತ್ತಿ ತಿಂಗಳುಗಟ್ಟಲೆ ಹಡಗಿನಲ್ಲಿ ಬರಬೇಕಾದ ಬಿಯರಿಗೆ ಹಾಪ್ಸ್ ಹೆಚ್ಚು ಹಾಕುತ್ತಿದ್ದರು. ಇಂದು ‘ಐಪಿಎ’ ಎಂದು ಫಲಕದ ಮೇಲೆ ಕಾಣುವ ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರಿನಲ್ಲಿ ನಮ್ಮ ದೇಶದ ಹೆಸರು ಸೇರಿಕೊಂಡದ್ದು ಹೀಗೆ.

ಇಲ್ಲಿಯವರೆಗೆ ಮಗನ ಮಾತು ಸರಿ. ಹಾಪ್ಸ್ ಗಿಡದ ಹೂವೇ ಹೌದು, ಕುದಿಸುವುದೂ ಹೌದು. ಆದರೆ ಕಿರಾತಕಡ್ಡಿಯ ಕಷಾಯಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕಷಾಯವನ್ನು ಕುದಿಸಿ ಕುಡಿಯುತ್ತೇವೆ. ಬಿಯರನ್ನು ಕುದಿಸಿದ ಮೇಲೆ ಹುಳಿಸುತ್ತಾರೆ. ಆ ಮೇಲಿನ ಹಂತದಲ್ಲಿ ಹುಟ್ಟುವ ಮದ್ಯಸಾರ ಚಿಕ್ಕ ಅಂಗಡಿಯದಾದರೂ ದೊಡ್ಡ ಕಾರ್ಖಾನೆಯದಾದರೂ ಒಂದೇ. ಯಕೃತ್ತಿಗೆ, ಅಂದರೆ ಲಿವರಿಗೆ, ಅದು ಎಲ್ಲಿ ತಯಾರಾಯಿತೆಂದು ಗೊತ್ತಾಗುವುದಿಲ್ಲ.

ಬಲ್ಲವರು ರುಚಿ ನೋಡುವ ಕ್ರಮ

ಹಾಡಿಗೆ ತಾಳವಿರುವಂತೆ ಬಿಯರಿನ ಪರೀಕ್ಷೆಗೂ ಒಂದು ಪದ್ಧತಿ ಇದೆ. ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ಬಿಯರ್ ತೀರ್ಪುಗಾರರ ತರಬೇತಿ ವ್ಯವಸ್ಥೆಯಲ್ಲಿ ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿ ಅದು ಕೊಡುವ ಭಾವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಬಣ್ಣಕ್ಕೂ ನೊರೆಗೂ ಸೇರಿ ಮೂರೇ ಅಂಕ ಎಂಬುದನ್ನು ಗಮನಿಸಿ.

ಮೊದಲು ಗಾಜಿನ ಲೋಟದಲ್ಲಿ ಬಣ್ಣ, ತಿಳಿ ಅಥವಾ ಮಬ್ಬು, ನೊರೆ ನೋಡುತ್ತಾರೆ. ಹಾಪ್ಸಿನ ಕಹಿ ಅಂಶ ನೊರೆಯನ್ನು ಹಿಡಿದಿಡುವುದರಿಂದ ಕಹಿ ಬಿಯರಿನ ನೊರೆ ಬೇಗ ಇಳಿಯುವುದಿಲ್ಲ. ಶೋಧಿಸದ ಬಿಯರ್ ಸ್ವಲ್ಪ ಮಬ್ಬಾಗಿರುವುದು ದೋಷವಲ್ಲ.

ಎರಡನೆಯದು ಮೂಗು. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಮಾಂಸರಸದಂಥ ಒಂದು ರುಚಿ. ಇಷ್ಟೇ. ಉಳಿದದ್ದನ್ನೆಲ್ಲ ನಾವು ‘ರುಚಿ’ ಎಂದು ಕರೆದರೂ ಅದು ಮೂಗಿನ ಕೆಲಸ. ನೆಗಡಿಯಾದಾಗ ಅನ್ನ-ಸಾರು ಸಪ್ಪೆಯಾಗುವುದು ಇದೇ ಕಾರಣಕ್ಕೆ. ಹಾಪ್ಸಿನ ತಳಿಯನ್ನು ಅನುಸರಿಸಿ ಕಿತ್ತಳೆ ಸಿಪ್ಪೆ, ಹಲಸು, ದೇವದಾರು ಮರದ ಅಂಟು, ಹಸಿ ಹುಲ್ಲು ಹೀಗೆ ನಾನಾ ವಾಸನೆ ಬರುತ್ತವೆ. ಕೆಲವು ಹೊಸ ತಳಿಗಳಲ್ಲಿ ಮಾವಿನ ವಾಸನೆಯೂ ಸ್ಪಷ್ಟ. ಅಂಕೋಲೆಯ ಕರಿ ಇಶಾಡು ಮಾವಿನ ಹಣ್ಣು ಕೊಯ್ದಾಗ ಮನೆಯೆಲ್ಲ ತುಂಬುವ ಪರಿಮಳವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಿರ್ಸೀನ್ ಎಂಬ ಸುಗಂಧ ತೈಲ ಮಾವಿನಲ್ಲೂ ಹಾಪ್ಸಿನಲ್ಲೂ ಇದೆ. ಬಿಯರಿಗೆ ಮಾವಿನ ರಸ ಹಾಕಿರಲೇಬೇಕೆಂದಿಲ್ಲ.

ಮೂರನೆಯದು ಗುಟುಕು. ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಎಂಬ ಚಿತ್ರವನ್ನು ನಾವೆಲ್ಲ ಶಾಲೆಯ ಪುಸ್ತಕದಲ್ಲಿ ನೋಡಿದ್ದೇವೆ. ಅದು 1901ರ ಒಂದು ಜರ್ಮನ್ ಪ್ರಯೋಗವನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದರ ಫಲ. ಎಲ್ಲ ರುಚಿಗಳೂ ನಾಲಿಗೆಯ ಎಲ್ಲ ಕಡೆಗೂ ತಿಳಿಯುತ್ತವೆ. ಕಹಿಯೊಂದನ್ನೇ ಗುರುತಿಸಲು ನಮ್ಮ ದೇಹದಲ್ಲಿ ಸುಮಾರು 25 ಬಗೆಯ ಗ್ರಾಹಕಗಳಿವೆ. ಸಿಹಿಗೆ ಇರುವುದು ಮುಖ್ಯವಾಗಿ ಒಂದೇ. ಕಾರಣ, ಗಿಡಗಳಲ್ಲಿರುವ ವಿಷಗಳು ಬಹುಮಟ್ಟಿಗೆ ಕಹಿ. ಕಹಿ ಎಂಬುದು ನಿಸರ್ಗ ಇಟ್ಟ ಎಚ್ಚರಿಕೆಯ ಗಂಟೆ. ಆದ್ದರಿಂದಲೇ ಹಸುಗೂಸು ಕಹಿ ಔಷಧವನ್ನು ಉಗುಳುತ್ತದೆ. ಬೆಳೆಯುತ್ತ ನಾವು ಹಾಗಲಕಾಯಿ, ಮೆಂತೆ, ಕಾಫಿಯನ್ನು ಇಷ್ಟಪಡಲು ಕಲಿಯುತ್ತೇವೆ.

ಈ ಕಲಿಕೆ ಎಲ್ಲರಿಗೂ ಒಂದೇ ರೀತಿ ಬರುವುದಿಲ್ಲ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರಿಗೆ ಅದು ವಿಪರೀತ ಕಹಿಯೆನಿಸಿತು, ಫಾಕ್ಸ್‌ಗೆ ಏನೂ ಅನಿಸಲಿಲ್ಲ. ಕೆಲವು ಕಹಿಗಳು ತಿಳಿಯುವುದೂ ತಿಳಿಯದಿರುವುದೂ ವಂಶದಿಂದ ಬರುತ್ತದೆಂದು ಆಗ ಗೊತ್ತಾಯಿತು. ಆದ್ದರಿಂದ ‘ನನಗೆ ಈ ಬಿಯರ್ ಸೇರುವುದಿಲ್ಲ’ ಎಂದವರನ್ನು ಗೆಳೆಯರು ಗೇಲಿ ಮಾಡಬೇಕಾಗಿಲ್ಲ. ಅವರ ನಾಲಿಗೆ ಚುರುಕಾಗಿದೆ ಎಂದು ತಿಳಿಯಬೇಕು.

ಕಹಿಗೂ ಒಂದು ಅಳತೆ ಇದೆ. ಒಂದು ಲೀಟರಿನಲ್ಲಿ ಹಾಪ್ಸಿನ ಕಹಿ ಅಂಶ ಒಂದು ಮಿಲಿಗ್ರಾಂ ಇದ್ದರೆ ಸರಿಸುಮಾರು ಒಂದು ಐಬಿಯು. ಸಾಮಾನ್ಯ ಬಾಟಲಿ ಬಿಯರಿನಲ್ಲಿ ಇದು 10ರಿಂದ 20. ಹಾಪಿ ಬಿಯರಿನಲ್ಲಿ 40ರಿಂದ 70. ಅಂಗಡಿಯ ಫಲಕದ ಮೇಲೆ ಈ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿಯೂ ಸಾಮಾನ್ಯವಾಗಿ ಇರುತ್ತದೆ. ಅದು ಎಬಿವಿ, ಮದ್ಯಸಾರದ ಶೇಕಡಾ ಪ್ರಮಾಣ. ನಾಲಿಗೆಗೆ ಮೊದಲ ಅಂಕಿ, ಲಿವರಿಗೆ ಎರಡನೆಯದು. ಮೊದಲನೆಯದನ್ನು ಎಲ್ಲರೂ ಓದುತ್ತಾರೆ, ಎರಡನೆಯದನ್ನು ಓದುವವರು ಕಡಿಮೆ.

ಕೆಟ್ಟ ಬಿಯರಿನ ಗುರುತು

ಒಳ್ಳೆಯ ಬಿಯರನ್ನು ಹೊಗಳುವುದಕ್ಕಿಂತ ಕೆಟ್ಟದ್ದನ್ನು ಗುರುತಿಸುವುದೇ ನಿಜವಾದ ಪರೀಕ್ಷೆ. ಬೆಣ್ಣೆಯ ವಾಸನೆ ಬಂದರೆ ಹುಳಿಯುವ ಕ್ರಿಯೆ ಪೂರ್ಣವಾಗಿಲ್ಲ. ಬೇಯಿಸಿದ ಗೋವಿನಜೋಳದ ವಾಸನೆ ಬಂದರೆ ಕುದಿ ಸಾಲದು. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳತಾಗಿದೆ. ವಿನೆಗರಿನ ಹುಳಿ ಬಂದರೆ ಪೈಪು, ನಲ್ಲಿ ಸ್ವಚ್ಛವಿಲ್ಲ. ಬಿಸಿಲಿಗೆ ಇಟ್ಟ ಬಿಯರಿನಲ್ಲಿ ಹಾಪ್ಸಿನ ಕಹಿ ಅಂಶ ಬೆಳಕಿನಿಂದ ಒಡೆದು ಒಂದು ದುರ್ನಾತ ಹುಟ್ಟುತ್ತದೆ. ಬಿಯರ್ ಬಾಟಲಿಗಳು ಕಂದು ಬಣ್ಣದವಾಗಿರುವುದು ಇದನ್ನು ತಡೆಯಲಿಕ್ಕೇ.

ಹಸಿ ಸೇಬಿನ ವಾಸನೆ ಬಂದರೆ ಅದು ಅಸಿಟಾಲ್ಡಿಹೈಡ್. ಬಿಯರ್ ಇನ್ನೂ ಎಳೆಯದು ಎಂದು ಅರ್ಥ. ಈ ಹೆಸರನ್ನು ನೆನಪಿಡಿ. ಯಾವ ದೋಷವೂ ಇಲ್ಲದ ಅತ್ಯುತ್ತಮ ಬಿಯರನ್ನು ಕುಡಿದರೂ ನಮ್ಮ ಲಿವರ್ ಅದರ ಮದ್ಯಸಾರವನ್ನು ಮೊದಲು ಇದೇ ಅಸಿಟಾಲ್ಡಿಹೈಡ್ ಆಗಿ ಬದಲಿಸುತ್ತದೆ. ಮುಖ ಕೆಂಪೇರುವುದಕ್ಕೆ, ಎದೆ ಬಡಿತಕ್ಕೆ, ವಾಕರಿಕೆಗೆ ಇದು ಕಾರಣ. ಜೀವಕೋಶಗಳ ತಂತುಗಳಿಗೆ ಹಾನಿ ಮಾಡಿ ಕ್ಯಾನ್ಸರಿಗೆ ದಾರಿ ಮಾಡುವುದೂ ಇದೇ. ಲೋಟದಲ್ಲಿ ಇದ್ದರೆ ತೀರ್ಪುಗಾರ ಅಂಕ ಕಳೆಯುತ್ತಾನೆ. ಹೊಟ್ಟೆಗೆ ಹೋದ ಮೇಲೆ ಹುಟ್ಟಿದರೆ ಯಾರೂ ಲೆಕ್ಕ ಇಡುವುದಿಲ್ಲ.

ಬಾಟಲಿಯನ್ನು ನೀರಿನ ಲೋಟದಲ್ಲಿ ಬೋರಲು ಹಿಡಿದು ‘ಗ್ಲಿಸರಿನ್ ತೆಗೆಯುತ್ತೇನೆ’ ಎನ್ನುವವರಿದ್ದಾರೆ. ನೀರಿಗೆ ಇಳಿದು ಬರುವುದು ನೀರಿಗಿಂತ ತುಸು ಭಾರವಾದ ಬಿಯರೇ. ಗ್ಲಿಸರಿನ್ ಯೀಸ್ಟಿನಿಂದ ತಾನಾಗಿಯೇ ಅಲ್ಪ ಪ್ರಮಾಣದಲ್ಲಿ ಹುಟ್ಟಿ ಬಿಯರಿನ ತುಂಬ ಬೆರೆತಿರುತ್ತದೆ. ಅದನ್ನು ಹೀಗೆ ಬೇರ್ಪಡಿಸಲಾಗದು, ಅಷ್ಟರಿಂದ ಅಪಾಯವೂ ಇಲ್ಲ. ಅಪಾಯಕಾರಿಯಾದ ಮದ್ಯಸಾರ ಮಾತ್ರ ಬಾಟಲಿಯಲ್ಲೇ ಉಳಿದಿರುತ್ತದೆ.

ಪ್ರಮಾಣದ ಲೆಕ್ಕ

‘ಬಿಯರ್ ಅಂದರೆ ಲೈಟ್, ವಿಸ್ಕಿ ಅಂದರೆ ಸ್ಟ್ರಾಂಗ್’ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಲೆಕ್ಕ ಹಾಕಿ ನೋಡೋಣ. ಮಿಲಿಲೀಟರನ್ನು ಶೇಕಡಾ ಪ್ರಮಾಣದಿಂದ ಗುಣಿಸಿ ನೂರರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಗುಣಿಸಿದರೆ ಮದ್ಯಸಾರ ಎಷ್ಟು ಗ್ರಾಂ ಎಂದು ಹೆಚ್ಚುಕಡಿಮೆ ತಿಳಿಯುತ್ತದೆ.

30 ಮಿ.ಲೀ. ವಿಸ್ಕಿಯ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಮದ್ಯಸಾರ. ಶೇ. 5ರ ಸಾಮಾನ್ಯ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 26 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರಿನ ಅಷ್ಟೇ ಬಾಟಲಿಯಲ್ಲಿ ಸುಮಾರು 41 ಗ್ರಾಂ, ಅಂದರೆ ನಾಲ್ಕು ಸಣ್ಣ ಪೆಗ್ಗು. ಶೇ. 6.5ರ ಹಾಪಿ ಬಿಯರಿನ ಅರ್ಧ ಲೀಟರಿನ ಒಂದು ಮಗ್ಗಿನಲ್ಲಿ ಸುಮಾರು 26 ಗ್ರಾಂ. ಒಂದು ಮಗ್ಗು ‘ಬರೀ ಬಿಯರ್’ ಕುಡಿದವರು ಎರಡೂವರೆ ಪೆಗ್ಗು ವಿಸ್ಕಿ ಕುಡಿದಂತಾಯಿತು.

ಹಾಪಿ ಬಿಯರಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ಹೆಚ್ಚಿರುವುದಕ್ಕೆ ಕಾರಣವಿದೆ. ಕಹಿ ಹೆಚ್ಚಾದಾಗ ಅದನ್ನು ಸರಿದೂಗಿಸಲು ಬಾರ್ಲಿಯನ್ನೂ ಹೆಚ್ಚು ಹಾಕುತ್ತಾರೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹೆಚ್ಚು ಹಾಕಿದ ಹಾಗೆ. ಆದರೆ ಇಲ್ಲಿ ಬೆಲ್ಲ ಬೆಲ್ಲವಾಗಿ ಉಳಿಯುವುದಿಲ್ಲ, ಯೀಸ್ಟ್ ಅದರ ಬಹುಪಾಲನ್ನು ಮದ್ಯಸಾರ ಮಾಡುತ್ತದೆ. ಮೇಲಿನಿಂದ ಕಹಿಯೂ ಹಣ್ಣಿನ ಪರಿಮಳವೂ ಸೇರಿ ಮದ್ಯಸಾರದ ಉರಿ ನಾಲಿಗೆಗೆ ಗೊತ್ತಾಗದಂತೆ ಮುಚ್ಚುತ್ತವೆ. ಕುಡಿಯುವವನಿಗೆ ಹಗುರವೆನಿಸುತ್ತದೆ, ರಕ್ತಕ್ಕೆ ಹಗುರವಾಗಿರುವುದಿಲ್ಲ.

ಆರೋಗ್ಯವಂತ ಲಿವರ್ ಒಂದು ತಾಸಿಗೆ 7ರಿಂದ 10 ಗ್ರಾಂ ಮದ್ಯಸಾರವನ್ನು ಮಾತ್ರ ವಿಲೇವಾರಿ ಮಾಡಬಲ್ಲದು. ಮೇಲೆ ಹೇಳಿದ ಒಂದು ಮಗ್ಗಿಗೆ ಮೂರರಿಂದ ನಾಲ್ಕು ತಾಸು ಬೇಕು. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಇದನ್ನು ಬೇಗ ಮಾಡುವುದಿಲ್ಲ. ಹೆಂಗಸರ ದೇಹದಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯಸಾರ ಹೆಚ್ಚು ಏರುತ್ತದೆ. ಹೊಟ್ಟೆ ಬೊಜ್ಜಿನ ಬಗ್ಗೆ ಚಿಂತಿಸುವವರಿಗೆ ಇನ್ನೊಂದು ಲೆಕ್ಕ: ಆ ಮಗ್ಗಿನಲ್ಲಿ ಸುಮಾರು 250 ಕ್ಯಾಲೊರಿ ಇದೆ. ಜೊತೆಗೆ ಬರುವ ಕರಿದ ಬಂಗಡೆಯ ಲೆಕ್ಕ ಬೇರೆ.

ರುಚಿ ನೋಡುವುದಕ್ಕಾದರೆ ಎಷ್ಟು ಬೇಕು? 50 ಮಿ.ಲೀ. ಸಾಕು. ಅದರಲ್ಲಿ ಮದ್ಯಸಾರ ಎರಡೂವರೆ ಗ್ರಾಂ ಮಾತ್ರ. ಅನೇಕ ಕಡೆ ಚಿಕ್ಕ ಚಿಕ್ಕ ಲೋಟಗಳಲ್ಲಿ ನಾಲ್ಕಾರು ಬಗೆಯನ್ನು ಸ್ವಲ್ಪ ಸ್ವಲ್ಪ ಕೊಡುವ ಪದ್ಧತಿಯೂ ಇದೆ. ಕೆಲವು ಗುಟುಕಿನ ನಂತರ ನಾಲಿಗೆ ಕಹಿಗೆ ಒಗ್ಗಿ ಮಂಕಾಗುತ್ತದೆ. ಅದಕ್ಕೇ ತೀರ್ಪುಗಾರರು ನಡುನಡುವೆ ನೀರು ಕುಡಿದು, ಸಪ್ಪೆ ಬ್ರೆಡ್ ತಿಂದು ಮುಂದಿನದಕ್ಕೆ ಹೋಗುತ್ತಾರೆ. ಎರಡನೆಯ ಮಗ್ಗು ಕುಡಿಯುವವನು ರುಚಿ ನೋಡುತ್ತಿದ್ದೇನೆ ಎಂದರೆ ಅದು ಶಾಸ್ತ್ರಕ್ಕೂ ಒಪ್ಪುವ ಮಾತಲ್ಲ.

ಹರಳು ಕರಗುತ್ತದೆಯೇ?

ಕರಾವಳಿಯ ಬಿಸಿಲಿನಲ್ಲಿ ಬೆವರು ಹೆಚ್ಚು, ನೀರು ಕುಡಿಯುವುದು ಕಡಿಮೆ. ಮೂತ್ರ ಗಟ್ಟಿಯಾಗಿ ಹರಳು ಕಟ್ಟಲು ಇದು ಅನುಕೂಲ. ಬಿಯರ್ ಕುಡಿದಾಗ ಮೂತ್ರ ಹೆಚ್ಚು ಹೋಗುವುದು ನಿಜ. ಮೂತ್ರವನ್ನು ಹಿಡಿದಿಡಲು ಮೆದುಳು ಕಳಿಸುವ ಒಂದು ಹಾರ್ಮೋನನ್ನು ಮದ್ಯಸಾರ ತಡೆಯುವುದರಿಂದ ಹೀಗಾಗುತ್ತದೆ. ಇದರಿಂದಲೇ ‘ಹರಳು ತೊಳೆದು ಹೋಗುತ್ತದೆ’ ಎಂಬ ನಂಬಿಕೆ ಹುಟ್ಟಿದೆ. ಬಿಯರ್ ಕುಡಿಯುವವರಲ್ಲಿ ಹೊಸ ಹರಳು ಸ್ವಲ್ಪ ಕಡಿಮೆ ಎಂದು ಹೇಳಿದ ಅಧ್ಯಯನಗಳೂ ಇವೆ. ಆದರೆ ಆ ಲಾಭ ಬರುವುದು ಮುಖ್ಯವಾಗಿ ಹೆಚ್ಚು ದ್ರವ ಕುಡಿದದ್ದರಿಂದ. ಅದೇ ಲಾಭ ನೀರಿನಿಂದಲೂ ಸಿಗುತ್ತದೆ, ಬಿಯರಿನ ಕಷ್ಟವಿಲ್ಲದೆ.

ಆಗಲೇ ಆಗಿರುವ ಹರಳನ್ನು ಬಿಯರ್ ಕರಗಿಸುವುದಿಲ್ಲ. ಬಹುಪಾಲು ಹರಳುಗಳು ಕ್ಯಾಲ್ಸಿಯಂ ಆಕ್ಸಲೇಟಿನವು, ಕುಡಿಯುವ ಯಾವ ಪಾನೀಯಕ್ಕೂ ಕರಗುವಂಥವಲ್ಲ. ಯೂರಿಕ್ ಆಮ್ಲದ ಹರಳು ಔಷಧದಿಂದ ಕರಗಬಹುದು, ಆದರೆ ಬಿಯರ್ ಯೂರಿಕ್ ಆಮ್ಲವನ್ನೇ ಹೆಚ್ಚಿಸುತ್ತದೆ. ಹೆಬ್ಬೆರಳಿನ ಗಂಟು ಕೆಂಪಾಗಿ ಊದಿ ರಾತ್ರಿಯೆಲ್ಲ ನರಳಿಸುವ ಗೌಟ್ ಕಾಯಿಲೆ ಇರುವವರಿಗೆ ಇತರ ಮದ್ಯಗಳಿಗಿಂತ ಬಿಯರೇ ಹೆಚ್ಚು ಹಾನಿಕರ. 5 ಮಿಲಿಮೀಟರಿಗಿಂತ ಚಿಕ್ಕ ಹರಳುಗಳು ಬಹಳಷ್ಟು ಸಲ ತಾವಾಗಿಯೇ ಹೋಗುತ್ತವೆ. ಹಾಗೆ ಹೋದಾಗ ಹೊಗಳಿಕೆ ಆ ವಾರ ಕುಡಿದ ಬಿಯರಿಗೆ ಸಲ್ಲುತ್ತದೆ, ಅಷ್ಟೆ.

ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ. ಲಿಂಬೆ ಪಾನಕ, ಉಪ್ಪು ಕಡಿಮೆ ಹಾಕಿದ ಮಜ್ಜಿಗೆ, ಎಳನೀರು ಆಗಬಹುದು. ಮೂತ್ರಪಿಂಡದ ಕಾಯಿಲೆ ಅಥವಾ ಹೃದಯದ ತೊಂದರೆ ಇರುವವರು ಮಾತ್ರ ನೀರಿನ ಪ್ರಮಾಣವನ್ನೂ ಎಳನೀರನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವಿನ ಜೊತೆ ಜ್ವರ ಬಂದರೆ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆ ಹೊತ್ತಿನಲ್ಲಿ ಬಿಯರ್ ಕುಡಿಸಿ ಕಾಯುವುದು ಕಿಡ್ನಿಯನ್ನೇ ಕಳೆದುಕೊಳ್ಳುವ ದಾರಿ.

ಸಕ್ಕರೆ ಮಾತ್ರೆ ಮತ್ತು ಬಿಯರ್

ಪತ್ರ ಬರೆದ ತಾಯಿಯ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಊಟಗಳ ನಡುವೆ ರಕ್ತದ ಸಕ್ಕರೆ ತೀರ ಇಳಿಯದಂತೆ ನೋಡಿಕೊಳ್ಳುವುದು ಲಿವರ್. ಅದು ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಮದ್ಯಸಾರ ಬಂದಾಗ ಲಿವರ್ ಆ ಕೆಲಸ ಬಿಟ್ಟು ಮದ್ಯಸಾರದ ಹಿಂದೆ ಬೀಳುತ್ತದೆ. ಇತ್ತ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಇಂಥ ಮಾತ್ರೆಗಳು ಅಥವಾ ಇನ್ಸುಲಿನ್ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಎರಡೂ ಸೇರಿ ಕೆಲವು ತಾಸುಗಳ ನಂತರ, ಕೆಲವೊಮ್ಮೆ ಮರುದಿನ ಬೆಳಗಿನ ಜಾವ, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಸಕ್ಕರೆ ಇಳಿದಾಗ ಬೆವರು, ನಡುಕ, ತೊದಲು ಮಾತು, ತೂರಾಟ, ಮಂಪರು ಕಾಣುತ್ತವೆ. ನೋಡಿದವರು ‘ಕುಡಿದದ್ದು ಹೆಚ್ಚಾಗಿದೆ, ಮಲಗಲಿ’ ಎಂದು ಹೊದಿಕೆ ಹೊದೆಸಿ ಬರುತ್ತಾರೆ. ಹಾಗೆ ಮಲಗಿದವರು ಏಳದೇ ಇರಬಹುದು. ಸಕ್ಕರೆ ಕಾಯಿಲೆಯವರು ಕುಡಿದು ಮಂಪರಾದರೆ ಮೊದಲು ಸಕ್ಕರೆ ಪರೀಕ್ಷೆ ಮಾಡಿ. ಸಾಧನವಿಲ್ಲದಿದ್ದರೆ, ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆ ಕದಡಿದ ನೀರು ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಸಕ್ಕರೆ ಇಳಿದಾಗ ಪ್ರತಿ ನಿಮಿಷವೂ ಮೆದುಳಿನ ಲೆಕ್ಕಕ್ಕೆ ಬರುತ್ತದೆ.

ಮೆಟ್‌ಫಾರ್ಮಿನ್ ನುಂಗುವವರು ಅತಿಯಾಗಿ ಕುಡಿದರೆ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ನಿದ್ರೆಯ ಮಾತ್ರೆ, ಫಿಟ್ಸಿನ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ, ಮೆಟ್ರೊನಿಡಜೋಲ್, ಕ್ಷಯದ ಔಷಧ ಇವುಗಳ ಜೊತೆಗೂ ಮದ್ಯ ಸಲ್ಲದು. ನೆಗಡಿಯ ಸಾಮಾನ್ಯ ಮಾತ್ರೆಯೂ ಬಿಯರ್ ಜೊತೆ ಸೇರಿದರೆ ಮಂಪರು ಇಮ್ಮಡಿಯಾಗುತ್ತದೆ. ಆದ್ದರಿಂದ ಈ ತಂದೆಯವರಿಗೆ ನನ್ನ ಉತ್ತರ ಸ್ಪಷ್ಟ: ಬೇಡ. ಮಗನ ಪ್ರೀತಿ ದೊಡ್ಡದು, ಆದರೆ ಆ ಪ್ರೀತಿಗೆ ಮಗ್ಗು ತುಂಬಲೇಬೇಕೆಂದಿಲ್ಲ. ಹಾಪ್ಸಿನ ಪರಿಮಳವೇ ಬೇಕೆಂದರೆ ಮದ್ಯರಹಿತ ಬಿಯರುಗಳು ಸಿಗುತ್ತವೆ. ಅವುಗಳಲ್ಲಿಯೂ ಸಕ್ಕರೆ ಇರುವುದರಿಂದ ಲೇಬಲ್ ಓದಿ, ಮಿತವಾಗಿ ಕುಡಿಯಬೇಕು.

ದಾರಿಯೂ ಸಮುದ್ರವೂ

ಗೋವಾದಲ್ಲಿ ರುಚಿ ನೋಡಿದವರು ಮನೆಗೆ ಮರಳುವುದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ತಿರುವು, ಸೇತುವೆ, ಕಾರವಾರ ದಾಟಿದರೆ ಬಿಣಗಾದ ಸುರಂಗ, ಎದುರಿಗೆ ಟ್ಯಾಂಕರು, ಮೀನಿನ ಲಾರಿ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ. 60 ಕಿಲೋ ತೂಕದ ಗಂಡಸು ಮೇಲೆ ಹೇಳಿದ ಒಂದು ಮಗ್ಗು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಇದರ ಇಮ್ಮಡಿ ಮುಟ್ಟಬಹುದು. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಆದರೆ ದಂಡದ ಹೆದರಿಕೆಗಿಂತ ಹಿಂದಿನ ಸೀಟಿನಲ್ಲಿ ಕುಳಿತವರ ನೆನಪು ಸಾಕಾಗಬೇಕು. ಬಂಡಿ ಓಡಿಸುವವರು ಯಾರೆಂದು ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿ. ಅವರಿಗೆ ಆ ದಿನ 50 ಮಿ.ಲೀ. ಕೂಡ ಇಲ್ಲ.

ಕುಡಿದು ಸಮುದ್ರಕ್ಕೆ ಇಳಿಯುವುದು ಇನ್ನೊಂದು ಅಪಾಯ. ಮದ್ಯಸಾರ ಧೈರ್ಯ ಹೆಚ್ಚಿಸುತ್ತದೆ, ತೋಳಿನ ಹಿಡಿತ ಮತ್ತು ಉಸಿರಿನ ಲಯ ಎರಡನ್ನೂ ತಪ್ಪಿಸುತ್ತದೆ. ಈಜು ಬಲ್ಲವರೂ ಮುಳುಗುತ್ತಾರೆ. ದೋಣಿ ಏರುವ ಮೀನುಗಾರ ಬಂಧುಗಳಿಗೂ ಇದೇ ಮಾತು.

ಎಷ್ಟು ಕುಡಿದರೆ ಸುರಕ್ಷಿತ?

‘ದಿನಕ್ಕೆ ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದು’ ಎಂಬ ಮಾತು ಕೆಲವು ವರ್ಷಗಳ ಹಿಂದೆ ಬಹಳ ಪ್ರಚಾರದಲ್ಲಿತ್ತು. ಈಗ ವೈದ್ಯಲೋಕ ಅದನ್ನು ಒಪ್ಪುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲಿಯೇ ಮದ್ಯಪಾನವನ್ನು ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಸ್ತನ ಇವುಗಳ ಕ್ಯಾನ್ಸರಿಗೆ ಇದರ ಸಂಬಂಧವಿದೆ. 2023ರ ಜನವರಿಯಲ್ಲಿ ಆ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ಸ್ಪಷ್ಟಪಡಿಸಿತು. ಹಾಪ್ಸಿನಲ್ಲಿರುವ ಕೆಲವು ಅಂಶಗಳು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ತಡೆದದ್ದುಂಟು. ಆದರೆ ಬಿಯರಿನಲ್ಲಿ ಅವು ಇರುವುದು ಅತ್ಯಲ್ಪ. ಅದರ ಹೆಸರಿನಲ್ಲಿ ಬಿಯರನ್ನು ಔಷಧ ಎನ್ನಲಾಗದು.

ಕುಡಿಯದವರು ಆರೋಗ್ಯಕ್ಕೆಂದು ಆರಂಭಿಸಬೇಕಾಗಿಲ್ಲ. ಕುಡಿಯುವವರು ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳ್ಳೆಯದು. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಎಳೆಯರು, ಕಾಮಾಲೆ ಅಥವಾ ಲಿವರಿನ ತೊಂದರೆ ಇದ್ದವರು ಮುಟ್ಟಲೇಬಾರದು.

ಚಟದ ಗಡಿ ಎಲ್ಲಿದೆ ಎಂದು ತಿಳಿಯಲು ವೈದ್ಯರು ನಾಲ್ಕು ಪ್ರಶ್ನೆ ಕೇಳುತ್ತಾರೆ. ಕಡಿಮೆ ಮಾಡಬೇಕೆಂದು ಎಂದಾದರೂ ಅನಿಸಿದೆಯೇ? ಕುಡಿತದ ಬಗ್ಗೆ ಯಾರಾದರೂ ಹೇಳಿದಾಗ ಸಿಟ್ಟು ಬಂದಿದೆಯೇ? ಕುಡಿದದ್ದಕ್ಕೆ ಮನಸ್ಸು ಕುಟುಕಿದೆಯೇ? ಬೆಳಿಗ್ಗೆ ಎದ್ದ ಕೂಡಲೇ ಕೈನಡುಕ ನಿಲ್ಲಲು ಕುಡಿಯಬೇಕೆನಿಸಿದೆಯೇ? ಇವುಗಳಲ್ಲಿ ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ವೈದ್ಯರ ಸಲಹೆ ಬೇಕು. ದುಬಾರಿ ಮಗ್ಗಿನಲ್ಲಿ ಕುಡಿದರೂ, ಹತ್ತು ಬಗೆಯ ಹಾಪ್ಸಿನ ಹೆಸರು ಬಾಯಿಪಾಠವಿದ್ದರೂ ಈ ಪ್ರಶ್ನೆಗಳಿಂದ ವಿನಾಯಿತಿ ಇಲ್ಲ. ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ಬರಬಹುದಾದ್ದರಿಂದ ವೈದ್ಯರ ನೆರವಿನಿಂದಲೇ ಬಿಡಬೇಕು. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನೆನಪಿಡಿ

* ಕಹಿಯ ಅಂಕಿಯ ಜೊತೆ ಮದ್ಯಸಾರದ ಅಂಕಿಯನ್ನೂ ಓದಿ.
* ರುಚಿ ನೋಡಲು 50 ಮಿ.ಲೀ. ಸಾಕು. ಮಗ್ಗು ಬೇಕಾಗಿಲ್ಲ.
* ಅರ್ಧ ಲೀಟರ್ ಹಾಪಿ ಬಿಯರ್ ಎಂದರೆ ಎರಡೂವರೆ ಸಣ್ಣ ಪೆಗ್ಗು ವಿಸ್ಕಿ.
* ಹರಳಿಗೆ ನೀರು ಮದ್ದು, ಬಿಯರ್ ಅಲ್ಲ.
* ಸಕ್ಕರೆ ಕಾಯಿಲೆಯವರು ಕುಡಿದು ಮಂಪರಾದರೆ ಅಮಲು ಎಂದು ಬಿಡಬೇಡಿ. ಸಕ್ಕರೆ ನೋಡಿ.
* ಬಂಡಿ ಓಡಿಸುವವರಿಗೂ ಸಮುದ್ರಕ್ಕೆ ಇಳಿಯುವವರಿಗೂ ಒಂದು ಗುಟುಕೂ ಬೇಡ.